ಉನ್ಮತ್ತೆಯ ಮಾತು

“ಆಕಿ ಮಾತೇನು ಹಿಡೀತೀರಿ? ಆಕಿಗಿ ತಲಿ ಸರಿ ಇಲ್ಲ” ಎಂಬ ನುಡಿಯು ಕೇಳಿಬಾರದ ಓಣಿಯು ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಒಂದಾದರೂ ಇರುವದೋ ಇಲ್ಲವೋ ಸಂದೇಹ. ನುಡಿಯು ಸಣ್ಣದು; ಆಡಿದವರು ಆಡಿ ಮರೆತುಬಿಡುವರು. ಆದರೆ ಯಾರನ್ನು ಕುರಿತು ಅದನ್ನು ಆಡಲಾಯಿತೋ ಆ ಹೆಣ್ಣುಮಗಳು ಆ ಗಳಿಗೆಯಿಂದ ಒಂದು ವಿಚಿತ್ರವಾದ ಸ್ಥಿತಿಗೆ ಬರುವಳು. ಆಕೆಗೆ ಅನ್ನವುಂಟು, ವಸ್ತ್ರವುಂಟು, ಮಲಗಲು ಮೂಲೆಯುಂಟು; ಆಕೆಯ ಮಾತಿಗೆ ಮಾತ್ರ ಬೆಲೆಯಿಲ್ಲ. ಅತ್ತರೆ ಹುಚ್ಚು, ನಕ್ಕರೆ ಹುಚ್ಚು, ಸುಮ್ಮನೆ ಕುಳಿತರೆ ಹುಚ್ಚು ಹೆಚ್ಚಾಯಿತು. “ನನಗೆ ಹುಚ್ಚಿಲ್ಲ” ಎಂದರಂತೂ ಹುಚ್ಚು ಸಿದ್ಧವಾದಂತೆಯೇ ಸರಿ. ಗಂಡಸಿಗೆ ಈ ಗತಿಯು ಬಾರದೆಂದು ನಾನು ಹೇಳುವದಿಲ್ಲ. ಆದರೆ ಸ್ವತ್ತು, ಸಾಲ, ಸಾಕ್ಷಿ, ಪಂಚಾಯಿತಿಗಳಲ್ಲಿ ಮೊದಲೇ ಮಾತು ಕಡಿಮೆಯಿದ್ದವಳು ಇದ್ದ ಒಂದು ಮಾತನ್ನೂ ಕಳೆದುಕೊಂಡರೆ ಉಳಿಯುವದೇನು? ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಇದೇ: ಬುದ್ಧಿಯು ಕೆಟ್ಟಿತೆಂದು ಜನರು ನಿರ್ಣಯಿಸಿದ ಸ್ತ್ರೀಯ ಮಾತನ್ನು ಕೇಳುವದು ನಮ್ಮ ಧರ್ಮವೋ, ಅಲ್ಲವೋ?

ಈ ವಿಚಾರವನ್ನು ಆಂಗ್ಲರ ಕಾದಂಬರಿಗಳಿಂದ ಆರಂಭಿಸುವದಕ್ಕೆ ವಾಚಕರು ಬೇಸರಪಡಬಾರದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ದೇಶದಲ್ಲಿ ಭಯಾನಕರಸಪ್ರಧಾನವಾದ ಕಥೆಗಳು ವಿಪುಲವಾಗಿ ಹುಟ್ಟಿದವು. ಹಳೆಯ ವಾಡೆ, ಬೀಗ ಹಾಕಿದ ಕೋಣೆ, ನಡುರಾತ್ರಿಯ ನಗೆ, ಇವು ಆ ಕಥೆಗಳ ಸಾಮಾನ್ಯ ಸಾಮಗ್ರಿಗಳು. ಬೀಗದ ಒಳಗಿರುವವಳು ಬಹಳ ಮಟ್ಟಿಗೆ ಒಬ್ಬ ಹೆಂಗಸೇ. ಶಾರ್ಲೆಟ್ ಬ್ರಾಂಟೆ ಎಂಬ ಲೇಖಿಕೆಯು ೧೮೪೭ರಲ್ಲಿ ಗಂಡಸಿನದೆಂದು ತೋರಬಹುದಾದ ಹೆಸರನ್ನಿಟ್ಟುಕೊಂಡು ಪ್ರಕಟಿಸಿದ ‘ಜೇನ್ ಐರ್’ ಎಂಬ ಕಾದಂಬರಿಯು ಇವುಗಳಲ್ಲಿ ಪ್ರಸಿದ್ಧವಾದದ್ದು. ಅದರಲ್ಲಿ ರಾಚೆಸ್ಟರ್ ಎಂಬ ಶ್ರೀಮಂತನು ಜಮೈಕಾ ದ್ವೀಪದಲ್ಲಿ ಬರ್ಥಾ ಎಂಬವಳನ್ನು ಮೂವತ್ತು ಸಾವಿರ ಪೌಂಡುಗಳ ವರದಕ್ಷಿಣೆಯೊಡನೆ ಮದುವೆಯಾಗಿ, ಆಕೆಗೆ ಹುಚ್ಚೆಂದು ತನ್ನ ಮನೆಯ ಮೂರನೆಯ ಅಂತಸ್ತಿನಲ್ಲಿ ಹತ್ತು ವರ್ಷ ಕೂಡಿಹಾಕಿರುವನು. ಹಣವು ಮನೆತನಕ್ಕೆ ಬಂತು, ಹೆಂಡತಿಯು ಅಟ್ಟವೇರಿದಳು. ದೊಡ್ಡ ಗಾತ್ರದ ಆ ಪುಸ್ತಕದಲ್ಲಿ ಬರ್ಥಾಳು ನಮ್ಮೆದುರಿಗೆ ಆಡಿದ ಮಾತು ಒಂದೂ ಇಲ್ಲ. ಆಕೆಯು ಏನೋ ಅಂದಳೆಂದು ಒಡಹುಟ್ಟಿದವನು ಒಮ್ಮೆ ಹೇಳುವನು. ಉಳಿದದ್ದೆಲ್ಲ ಕೂಗು, ಗುರುಗುಟ್ಟುವಿಕೆ, ನಗೆ. ಆಕೆಯ ವೃತ್ತಾಂತವನ್ನು ಪೂರ್ತಿಯಾಗಿ ನಮಗೆ ತಿಳಿಸುವವನು ಗಂಡನೇ. ಅವನೇ ಫಿರ್ಯಾದಿ, ಅವನೇ ಸಾಕ್ಷಿ, ಅವನೇ ತೀರ್ಪುಗಾರ. ಕೊನೆಗೆ ಮನೆಗೆ ಬೆಂಕಿಯಿಟ್ಟು, ಮಾಳಿಗೆಯಿಂದ ಹಾರಿ ಬರ್ಥಾಳು ಸಾಯುವಳು. ಕಥಾನಾಯಿಕೆಯ ಮದುವೆಯ ದಾರಿಯು ಸುಗಮವಾಗುವದು. ನೂರಾಹತ್ತೊಂಬತ್ತು ವರ್ಷಗಳಾದ ಮೇಲೆ, ೧೯೬೬ರಲ್ಲಿ, ಕೆರೀಬಿಯನ್ ದ್ವೀಪದಲ್ಲಿಯೇ ಹುಟ್ಟಿದ ಜೀನ್ ರೀಸ್ ಎಂಬ ಲೇಖಿಕೆಯು ಅದೇ ಹೆಂಗಸಿಗೆ ಬಾಯಿ ಕೊಟ್ಟು ಇನ್ನೊಂದು ಕಾದಂಬರಿಯನ್ನು ಬರೆದಳು.

ವಿಲ್ಕಿ ಕಾಲಿನ್ಸನು ೧೮೫೯-೬೦ರಲ್ಲಿ ಬರೆದ ಬಿಳಿಯುಡುಗೆಯ ಹೆಂಗಸಿನ ಕಥೆಯು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಅಲ್ಲಿ ಲಾರಾ ಎಂಬವಳ ಆಸ್ತಿಗಾಗಿ ಗಂಡನೂ ಅವನ ಮಿತ್ರನೂ ಕೂಡಿ, ಆಕೆಯನ್ನೇ ಹೋಲುತ್ತಿದ್ದ ರೋಗಿಷ್ಠ ಹೆಣ್ಣೊಬ್ಬಳು ಸತ್ತಾಗ ಲಾರಾಳೇ ಸತ್ತಳೆಂದು ಸಾರಿ, ಬದುಕಿರುವ ಲಾರಾಳನ್ನು ಸತ್ತವಳ ಹೆಸರಿನಿಂದ ಹುಚ್ಚರ ಆಸ್ಪತ್ರೆಗೆ ಸೇರಿಸುವರು. “ನಾನು ಲಾರಾ” ಎಂದು ಆಕೆಯು ಎಷ್ಟು ಸಲ ಸತ್ಯವನ್ನು ನುಡಿದಳೋ ಅಷ್ಟು ಸಲವೂ ಅದು ಆಕೆಯ ಭ್ರಮೆಗೆ ಸಾಕ್ಷಿಯಾಯಿತು. ಸತ್ಯವೇ ರೋಗಲಕ್ಷಣವಾಗಿ ಎಣಿಸಲ್ಪಡುವ ಈ ಸ್ಥಿತಿಗಿಂತ ಭಯಂಕರವಾದ ಭೂತವನ್ನು ಯಾವ ಕಥೆಗಾರನೂ ಕಲ್ಪಿಸಲಾರನು. ಇನ್ನು ಬ್ರಾಡನ್ ಎಂಬವಳ ‘ಲೇಡಿ ಆಡ್ಲೀಸ್ ಸೀಕ್ರೆಟ್’ ಕಾದಂಬರಿಯಲ್ಲಿ (೧೮೬೨) ವೈದ್ಯನು ಮೊದಲು ಈಕೆಗೆ ಹುಚ್ಚಿಲ್ಲವೆನ್ನುವನು. ಆಮೇಲೆ ಈಕೆಯು ಅಪಾಯಕಾರಿಯೆಂದು ಹೇಳಿ ಬಂಧನಕ್ಕೆ ಒಪ್ಪುವನು. ಆ ಸ್ತ್ರೀಯು ಅಪರಾಧಿಯೇ ಹೌದು; ಆದರೆ ಅಪರಾಧಕ್ಕೆ ನ್ಯಾಯಾಲಯವಿರುವಾಗ ಆಸ್ಪತ್ರೆಯೇಕೆ? ಮನೆತನದ ಮರ್ಯಾದೆಗೆ ಆಸ್ಪತ್ರೆಯು ಹೆಚ್ಚು ಅನುಕೂಲವಾಗಿತ್ತು, ಅಷ್ಟೆ.

ಇವು ಬರಿಯ ಕಟ್ಟುಕಥೆಗಳೆನ್ನಬೇಡಿರಿ. ೧೮೫೮ರಲ್ಲಿ ಪ್ರಸಿದ್ಧ ಕಾದಂಬರಿಕಾರನೂ ಬ್ರಿಟಿಷ್ ಸರಕಾರದ ಮಂತ್ರಿಯೂ ಆಗಿದ್ದ ಬುಲ್ವರ್ ಲಿಟನ್ನನು, ಚುನಾವಣೆಯ ಸಭೆಗೇ ಬಂದು ತನ್ನನ್ನು ಬಹಿರಂಗವಾಗಿ ನಿಂದಿಸಿದ ಹೆಂಡತಿ ರೋಸಿನಾಳನ್ನು ಹುಚ್ಚಿಯೆಂದು ವೈದ್ಯರಿಂದ ಬರೆಯಿಸಿಕೊಂಡು ಬಂಧನದಲ್ಲಿರಿಸಿದನು. ಪತ್ರಿಕೆಗಳಲ್ಲಿ ಕೋಲಾಹಲವೆದ್ದುದರಿಂದ ಸುಮಾರು ಮೂರು ವಾರಗಳಲ್ಲಿ ಆಕೆಗೆ ಬಿಡುಗಡೆಯಾಯಿತು. ಆಕೆಯು ಸ್ವತಃ ಲೇಖಿಕೆ, ದೊಡ್ಡ ಮನೆತನದ ಸೊಸೆ. ಹೆಸರಿಲ್ಲದ ಬಡವಳಿಗಾಗಿ ಯಾವ ಪತ್ರಿಕೆಯು ಬರೆಯುತ್ತಿತ್ತು?

ಈಗಿನ ಕೆಲವು ವಿಮರ್ಶಕರು ಇಂಥ ಕಥೆಗಳ ಹುಚ್ಚಿಯರನ್ನೆಲ್ಲ ಬಂಡಾಯಗಾರ್ತಿಯರೆಂದು ಕೊಂಡಾಡುವರು. ಅಟ್ಟದ ಮೇಲಿನ ಆ ಹೆಂಗಸು ಲೇಖಿಕೆಯ ಅದುಮಿಟ್ಟ ಸಿಟ್ಟಿನ ಮೂರ್ತಿಯೆಂದು ೧೯೭೯ರಲ್ಲಿ ಅಮೇರಿಕದ ಇಬ್ಬರು ವಿದುಷಿಯರು ಒಂದು ಮಹಾಗ್ರಂಥವನ್ನೇ ರಚಿಸಿದರು. ಅದರಲ್ಲಿ ಸತ್ಯಾಂಶವಿದೆ. ಆದರೆ ಮನೆಯಲ್ಲಿ ನಿಜವಾದ ಉನ್ಮಾದವನ್ನು ಕಂಡವರಿಗೆ ಈ ಹೊಗಳಿಕೆಯು ರುಚಿಸದು. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಗೋಡೆಯೊಡನೆ ಮಾತಾಡುವ ಮಗಳ ಬಳಿಯಲ್ಲಿ ಕುಳಿತ ತಾಯಿಗೆ ಅದು ಬಂಡಾಯವಾಗಿ ಕಾಣುವದಿಲ್ಲ, ಬೇನೆಯಾಗಿ ಕಾಣುವದು. ಉನ್ಮಾದವು ಬೇನೆಯೇ. ಅದನ್ನು ಅಲ್ಲಗಳೆಯುವದು ಒಂದು ಕ್ರೌರ್ಯ; ಬೇನೆಯೆಂದು ಹೇಳಿ ಬಾಯಿ ಕಟ್ಟುವದು ಇನ್ನೊಂದು ಕ್ರೌರ್ಯ. ನಮ್ಮ ದಾರಿಯು ಈ ಎರಡರ ನಡುವೆ ಇರುವದರಿಂದ ಕಿರಿದಾಗಿದೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವು ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನು (೧೦೭೬-೧೧೨೬) ಆಳುತ್ತಿದ್ದಾಗ ಅಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಲದ ಹೊರತಾಗಿ ಹಿಂದುಸ್ಥಾನದ ಬಹುಭಾಗದ ದಾಯಭಾಗದ ವ್ಯವಹಾರವು ಮುಂದೆ ಶತಮಾನಗಳ ಕಾಲ ಈ ಕಲ್ಯಾಣದ ಗ್ರಂಥವನ್ನೇ ಹಿಡಿದು ನಡೆಯಿತು. ಹುಚ್ಚರಿಗೆ ಪಾಲಿಲ್ಲ, ಆದರೆ ಅವರನ್ನು ಪೋಷಿಸಲೇಬೇಕು ಎಂಬುದು ಸ್ಮೃತಿಯ ಮಾತು. ವಿಜ್ಞಾನೇಶ್ವರನು ಅದನ್ನು ವಿವರಿಸುವಾಗ, ವಾತ, ಪಿತ್ತ, ಕಫ, ಸನ್ನಿಪಾತ, ಗ್ರಹ ಇವುಗಳಿಂದ ಹುಟ್ಟುವ ಉನ್ಮಾದಗಳನ್ನು ಹೇಳಿ, ಈ ನಿಷೇಧವು ಹೆಂಡತಿ, ಮಗಳು, ತಾಯಿ ಮೊದಲಾದ ಸ್ತ್ರೀಯರಿಗೂ ಅನ್ವಯಿಸುವದೆಂದು ಸ್ಪಷ್ಟಪಡಿಸುವನು. ಇಷ್ಟರ ಮಟ್ಟಿಗೆ ಅವನು ಕಠಿಣ. ಆದರೆ ಅಲ್ಲಿಗೇ ನಿಲ್ಲಿಸುವದಿಲ್ಲ. ಪಾಲಾದ ಮೇಲೆ ಬಂದ ದೋಷದಿಂದ ಪಾಲು ಹೋಗದು. ಮತ್ತು ಪಾಲಾದ ಮೇಲೆಯಾದರೂ ಔಷಧಾದಿಗಳಿಂದ ದೋಷವು ಪರಿಹಾರವಾದರೆ ಪಾಲಿನ ಹಕ್ಕು ಮರಳಿ ಬರುವದು ಎಂದೂ ಅವನು ಬರೆಯುತ್ತಾನೆ. ಉನ್ಮಾದವು ಮನುಷ್ಯನ ಜಾತಕವಲ್ಲ, ಬಂದು ಹೋಗಬಹುದಾದ ಒಂದು ಅವಸ್ಥೆ. ಹೋದ ದಿನ ಆ ಮನುಷ್ಯನು ಮೊದಲಿನ ಮನುಷ್ಯನೇ. ಒಂಬತ್ತುನೂರು ವರ್ಷಗಳ ಹಿಂದೆ, ಇಲ್ಲಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಊರಿನಲ್ಲಿ, ತಾಳೆಯ ಗರಿಯ ಮೇಲೆ ಬರೆದ ಈ ನಿಯಮವನ್ನು ನಮ್ಮ ಮನೆಗಳು ಇನ್ನೂ ಓದಿದಂತೆ ಕಾಣುವದಿಲ್ಲ.

ಅದೇ ಕಲ್ಯಾಣಕ್ಕೆ ಹನ್ನೆರಡನೆಯ ಶತಮಾನದ ನಡುವಿನಲ್ಲಿ ಮಹಾದೇವಿಯು ಬಂದಳು. ಉಡುತಡಿಯ ಹುಡುಗಿ, ಕೌಶಿಕನೆಂಬ ಅರಸನು ಆಕೆಯನ್ನು ಬಯಸಿದನು. ಮದುವೆಯಾಯಿತೆಂದು ಹರಿಹರನು ತನ್ನ ರಗಳೆಯಲ್ಲಿ ಹೇಳುವನು. ಆಗಲಿಲ್ಲವೆಂದು ಬೇರೆ ಕವಿಗಳು ಹೇಳುವರು. ಆ ವಾದವು ನಮಗೆ ಬೇಡ. ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಮೈಗೆ ಮರೆಮಾಡಿಕೊಂಡು, ಕಾಣದ ಗಂಡನನ್ನು ಹುಡುಕುತ್ತ ಒಂಟಿಯಾಗಿ ಊರೂರು ದಾಟಿದ ಎಳೆಯ ಹೆಂಗಸು, ಇದರಲ್ಲಿ ಎಲ್ಲರೂ ಒಮ್ಮತರು. ವಾಚಕರು ಪ್ರಾಮಾಣಿಕರಾಗಿ ಉತ್ತರಿಸಲಿ: ಇಂಥವಳು ನಾಳೆ ಬೆಳಿಗ್ಗೆ ಬೀದರದ ಚೌಬಾರದ ಹತ್ತಿರ ಕಂಡರೆ ನಾವೇನೆನ್ನುವೆವು? ಹರಳಯ್ಯ, ಮಾಚಯ್ಯರ ಹೆಸರನ್ನು ದಿನವೂ ಹೇಳುವವರೂ ಪೋಲೀಸರನ್ನು ಕರೆಯುವರು. ದಯಾಳುಗಳು ಒಂದು ಸೀರೆಯನ್ನು ಎಸೆಯುವರು. ಹುಡುಗರು ಕಲ್ಲನ್ನು ಎಸೆಯುವರು. ಆಕೆಯನ್ನು ಕೂಡ್ರಿಸಿ ಮಾತಾಡಿಸುವವರು ಯಾರು?

ಕಲ್ಯಾಣದಲ್ಲಿ ಮಾತಾಡಿಸಿದರು. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ‘ಶೂನ್ಯಸಂಪಾದನೆ’ಯು ಆ ಪ್ರಸಂಗವನ್ನು ಸಂವಾದರೂಪವಾಗಿ ಇಟ್ಟಿದೆ. ಮೂರುನೂರು ವರ್ಷಗಳ ಈಚಿನವರು ಹೆಣೆದದ್ದಾದ್ದರಿಂದ ಅಕ್ಷರಾಕ್ಷರವಾಗಿ ಹೀಗೆಯೇ ನಡೆಯಿತೆಂದು ಹೇಳಬೇಕಾದದ್ದಿಲ್ಲ. ಹೀಗೆ ನಡೆಯಬೇಕಾಗಿತ್ತೆಂದು ನಮ್ಮ ಹಿರಿಯರು ತಿಳಿದಿದ್ದರೆಂಬುದೇ ಸಾಕು. ಅಲ್ಲಮಪ್ರಭುಗಳು ಆಕೆಗೆ ಸಲಿಗೆಯನ್ನು ತೋರಿಸುವದಿಲ್ಲ. ತುಂಬು ಜೌವನದಲ್ಲಿ ಇಲ್ಲಿಗೇಕೆ ಬಂದೆ, ನಿನ್ನ ಗಂಡನ ಕುರುಹೇನು, ದೇಹಭಾವವು ಅಳಿಯಿತೆಂಬವಳು ಕೂದಲಿನಿಂದ ಮೈಯನ್ನೇಕೆ ಮುಚ್ಚಿದೆ ಎಂದು ಮೇಲಿಂದ ಮೇಲೆ ಕೇಳುವರು. ಕೊನೆಯದು ಕ್ರೂರವಾದ ಪ್ರಶ್ನೆ. ಆಕೆಯು ಒಂದೊಂದಕ್ಕೂ ಉತ್ತರ ಕೊಡುವಳು. ಮುಚ್ಚಿಕೊಂಡದ್ದು ತನಗಾಗಿ ಅಲ್ಲ, ನೋಡುವವರ ನೋವಿಗಾಗಿ ಎಂಬ ಭಾವವು ಆ ಉತ್ತರದಲ್ಲಿರುವದು. ಉತ್ತರವನ್ನು ಕೇಳಿದ ಮೇಲೆ ಆ ಹಿರಿಯರೆಲ್ಲ ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಅಕ್ಕನೆಂದು ಕರೆದರು.

ಇಲ್ಲಿ ಎರಡು ಆಕ್ಷೇಪಗಳು ಬರುವವು. ಗಂಡಸರು ಸಾಲಾಗಿ ಕುಳಿತು ಒಬ್ಬ ಹೆಣ್ಣುಮಗಳ ಮೈಯ ವಿಷಯವನ್ನು ವಿಚಾರಣೆ ಮಾಡುವದೇ ಅನ್ಯಾಯವಲ್ಲವೇ? ಬತ್ತಲೆಯಾಗಿ ತಿರುಗುವ ಗಂಡು ಸಂನ್ಯಾಸಿಗೆ ಯಾರೂ ಈ ಪ್ರಶ್ನೆಯನ್ನು ಕೇಳಲಿಲ್ಲವಲ್ಲ! ಈ ಆಕ್ಷೇಪವು ನ್ಯಾಯವಾದದ್ದು. ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಆದರೂ ಅಟ್ಟದ ಕೋಣೆಗೂ ಈ ಮಂಟಪಕ್ಕೂ ಒಂದು ವ್ಯತ್ಯಾಸವಿದೆ. ಅಟ್ಟದಲ್ಲಿ ನಿರ್ಣಯವು ಮೊದಲು, ಪ್ರಶ್ನೆಯೇ ಇಲ್ಲ. ಇಲ್ಲಿ ಪ್ರಶ್ನೆಯು ಮೊದಲು. ಉತ್ತರವು ನಿರ್ಣಯವನ್ನು ತಿರುಗಿಸಬಲ್ಲದು.

ಎರಡನೆಯ ಆಕ್ಷೇಪವು ಇನ್ನೂ ಗಟ್ಟಿಯಾದದ್ದು. ಅಕ್ಕನು ಮಹಾಜ್ಞಾನಿ, ಉತ್ತರ ಕೊಟ್ಟು ಗೆದ್ದಳು. ಉತ್ತರ ಕೊಡಲಾರದವಳ ಗತಿಯೇನು? ಮಾತು ತಪ್ಪಿದವಳು, ನಿನ್ನೆಯ ಮಾತನ್ನು ಇಂದು ಅಲ್ಲಗಳೆಯುವವಳು, ಬಾವಿಗೆ ನೆರೆಯವರು ವಿಷ ಹಾಕಿದರೆಂದು ಕೂಗುವವಳು, ಇಂಥವರ ಮಾತನ್ನೂ ಕೇಳಬೇಕೇ? ಕೇಳಬೇಕೆಂದೇ ನನ್ನ ಅಭಿಪ್ರಾಯ. ಕೇಳುವದು ಬೇರೆ, ನಂಬುವದು ಬೇರೆ. ಹುಚ್ಚೆಂಬುದು ಮನುಷ್ಯನ ಎಲ್ಲ ಮಾತುಗಳಿಗೂ ಒಂದೇ ಸಲಕ್ಕೆ ಬಳಿದುಬಿಡುವ ಮಸಿಯಲ್ಲ. ಬಾವಿಗೆ ವಿಷ ಹಾಕಿದರೆಂಬ ಮಾತು ಸುಳ್ಳಾಗಿರಬಹುದು. ಅದೇ ಬಾಯಿಂದ ಬಂದ “ನನ್ನನ್ನು ಹೊಡೆದರು” ಎಂಬ ಮಾತು ಸತ್ಯವಾಗಿರಬಹುದು. ಒಂದು ಸುಳ್ಳಾದದ್ದರಿಂದ ಇನ್ನೊಂದು ಸುಳ್ಳಾಗದು. ಒಂದೊಂದು ಮಾತನ್ನೂ ಬೇರೆ ಬೇರೆಯಾಗಿ ಒರೆಗೆ ಹಚ್ಚಬೇಕು. ಬಂಗಾರದ ಅಂಗಡಿಯಲ್ಲಿ ನಾವು ಮಾಡುವದು ಇದನ್ನೇ ಅಲ್ಲವೇ? ಆಶ್ಚರ್ಯವೆಂದರೆ ಕಚೇರಿಗಳು ಈ ವಿವೇಕವನ್ನು ಎಂದೋ ಒಪ್ಪಿಕೊಂಡಿವೆ. ೧೮೭೨ರ ಸಾಕ್ಷ್ಯದ ಕಾಯಿದೆಯು, ಪ್ರಶ್ನೆಯನ್ನು ತಿಳಿದುಕೊಂಡು ಸಮಂಜಸವಾದ ಉತ್ತರ ಕೊಡುವದಕ್ಕೆ ಅಡ್ಡಿಯಾಗದಿದ್ದರೆ ಉನ್ಮಾದವಿದ್ದವನೂ ಸಾಕ್ಷಿಯಾಗಬಹುದೆಂದು ಹೇಳಿತು. ಅದರ ಸ್ಥಾನದಲ್ಲಿ ಬಂದ ೨೦೨೩ರ ಕಾಯಿದೆಯೂ ಇದನ್ನೇ ಉಳಿಸಿಕೊಂಡಿದೆ. ಕೊಲೆಯ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಬಹುದಾದವಳು ಅಡಿಗೆಯ ಮನೆಯಲ್ಲಿ ಬಾಯಿ ತೆರೆಯಲಾರಳು!

ಅಡಿಗೆಯ ಮನೆಯ ಮಾತು ಬಂತೆಂದರೆ ತ್ರಿವೇಣಿಯವರನ್ನು (೧೯೨೮-೧೯೬೩) ನೆನೆಯದಿರುವದು ಹೇಗೆ? ಕನ್ನಡದಲ್ಲಿ ಮನೋವ್ಯಾಧಿಯನ್ನು ಭೂತಚೇಷ್ಟೆಯೆಂದೋ ಪಾಪದ ಫಲವೆಂದೋ ಬರೆಯದೆ ವ್ಯಾಧಿಯೆಂದೇ ಬರೆದವರು ಅವರು. ಅವರ ‘ಶರಪಂಜರ’ದ ಕಾವೇರಿಯು ಸುಖಸಂಸಾರದ ಗೃಹಿಣಿ, ಬಾಣಂತಿತನದಲ್ಲಿ ಚಿತ್ತಭ್ರಮಣೆಯಾಗಿ ಆಸ್ಪತ್ರೆಯನ್ನು ಸೇರುವಳು, ಗುಣವಾಗಿ ಮನೆಗೆ ಮರಳುವಳು. ವಿಕ್ಟೋರಿಯಾ ಕಾಲದ ಕಥೆಯು ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ಈ ಕಥೆಯ ನಿಜವಾದ ಭಯವು ಆರಂಭವಾಗುವದು. ಬೀಗವಿಲ್ಲ, ಅಟ್ಟವಿಲ್ಲ, ಕಾವಲುಗಾರ್ತಿಯಿಲ್ಲ. ಬೆಳಕಿರುವ ಮನೆ. ಆದರೆ ಗಂಡನ ದೃಷ್ಟಿಯಲ್ಲಿ, ನೆರೆಹೊರೆಯವರ ದೃಷ್ಟಿಯಲ್ಲಿ ಆಕೆಯು ಹಿಂದೊಮ್ಮೆ ಹುಚ್ಚಾಗಿದ್ದವಳು. ಆಕೆಯ ಸಾಧಾರಣವಾದ ಸಿಟ್ಟು ಸಿಟ್ಟಾಗಿ ಉಳಿಯುವದಿಲ್ಲ. ಸಾಧಾರಣವಾದ ನಗು ನಗುವಾಗಿ ಉಳಿಯುವದಿಲ್ಲ. ಗಂಡನ ಮನಸ್ಸು ಬೇರೊಬ್ಬಳಲ್ಲಿದೆಯೆಂಬ ಸತ್ಯವು ತಿಳಿದಾಗ, ಅದನ್ನು ಹೇಳಿ ನಂಬಿಸುವ ಅಧಿಕಾರವು ಆಕೆಯಲ್ಲಿ ಇರುವದಿಲ್ಲ. ಆಕೆಯು ಮತ್ತೆ ಕುಸಿಯುವಳು. ಮೊದಲಿನ ಉನ್ಮಾದವನ್ನು ಪ್ರಕೃತಿಯು ಕೊಟ್ಟಿತು. ಎರಡನೆಯದನ್ನು ಮನೆಯು ಕೊಟ್ಟಿತು. ಪುಟ್ಟಣ್ಣ ಕಣಗಾಲರು ಇದನ್ನು ಚಲಚ್ಚಿತ್ರವಾಗಿ ಮಾಡಿ, ಕಲ್ಪನಾ ಅವರು ಕಾವೇರಿಯಾಗಿ ಅಭಿನಯಿಸಿದಾಗ ಕನ್ನಡ ನಾಡಿಗೆ ನಾಡೇ ಅತ್ತಿತು. ಅತ್ತವರು ಮನೆಗೆ ಹೋಗಿ ಏನು ಮಾಡಿದರೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ವಿಜ್ಞಾನೇಶ್ವರನ ನಿಯಮದಂತೆ ದೋಷವು ಕಳೆದ ದಿನ ಕಾವೇರಿಗೆ ಪಾಲು ಮರಳಬೇಕಾಗಿತ್ತು. ಹೊಲದ ಪಾಲಲ್ಲ, ನಂಬಿಕೆಯ ಪಾಲು.

ಕಾವೇರಿಯ ಮನೆಯವರನ್ನು ರಾಕ್ಷಸರೆಂದು ತಿಳಿಯುವದೂ ಸರಿಯಲ್ಲ. ಒಮ್ಮೆ ಆ ಬಿರುಗಾಳಿಯನ್ನು ಕಂಡವರಿಗೆ ಎಲೆಯಲುಗಿದರೂ ಎದೆ ನಡುಗುವದು. ಮಗುವಿನ ಬಳಿಗೆ ಆಕೆಯನ್ನು ಒಂಟಿಯಾಗಿ ಬಿಡಬಹುದೇ ಎಂಬ ಅಂಜಿಕೆಯು ದ್ವೇಷವಲ್ಲ. ಆದರೆ ಅಂಜಿಕೆಯಿಂದ ನೋಡುವ ಕಣ್ಣು ಸತ್ಯವನ್ನು ಕಾಣದು. ಅಲ್ಲದೆ ನೋಡಿಸಿಕೊಳ್ಳುವವಳಿಗೆ ಅಂಜಿಕೆಯಾವುದು, ದ್ವೇಷವಾವುದು ಎಂಬ ಭೇದವು ತಿಳಿಯುವದೆಂತು?

ಕಾಯಿದೆಗಳು ನಿಧಾನವಾಗಿ ಈ ದಾರಿಯಲ್ಲಿ ನಡೆದಿವೆ. ಉನ್ಮಾದದ ಕಾರಣದಿಂದ ಪಾಲು ತಪ್ಪುವ ನಿಯಮವು ೧೯೨೮ರಲ್ಲಿ ಬಹುಮಟ್ಟಿಗೂ, ೧೯೫೬ರ ಉತ್ತರಾಧಿಕಾರದ ಕಾಯಿದೆಯಿಂದ ಪೂರ್ತಿಯಾಗಿಯೂ ಹೋಯಿತು. ೧೯೫೫ರ ವಿವಾಹದ ಕಾಯಿದೆಯಲ್ಲಿ ಮನೋವಿಕಾರವು ವಿಚ್ಛೇದನಕ್ಕೆ ಒಂದು ಕಾರಣವಾಗಿದೆ. ಆದರೆ ರೋಗದ ಹೆಸರನ್ನು ಹಚ್ಚಿದ ಮಾತ್ರಕ್ಕೆ ಸಾಲದು, ಅದರ ತೀವ್ರತೆಯನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ವಿಧಿಸಿತು. ತಮಿಳುನಾಡಿನ ಎರವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು ದರ್ಗಾದ ಹತ್ತಿರದ ಒಂದು ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ೨೮ ಮಂದಿ ರೋಗಿಗಳು ಸತ್ತರು. ಬರ್ಥಾಳ ಬೆಂಕಿಯು ಕಥೆಯದು, ಇದು ಕಥೆಯಲ್ಲ. ೨೦೧೭ರ ಮಾನಸಿಕ ಆರೋಗ್ಯದ ಕಾಯಿದೆಯು ಸರಪಳಿಯನ್ನು ನಿಷೇಧಿಸಿದೆ. ಮನೆಯವರು ಒಲ್ಲೆನೆಂದರು ಎಂಬ ಕಾರಣಕ್ಕಾಗಿಯೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದೆಂದೂ ಅದು ಹೇಳುವದು. ಸಮುದಾಯದಲ್ಲಿ ರೂಢವಾದ ನೀತಿ, ಸಂಸ್ಕೃತಿ, ಧರ್ಮಶ್ರದ್ಧೆಗಳಿಗೆ ಹೊಂದದ ನಡತೆಯನ್ನು ಮನೋರೋಗದ ನಿರ್ಣಯಕ್ಕೆ ಆಧಾರವಾಗಿ ಹಿಡಿಯಬಾರದೆಂಬ ಮಾತೂ ಅದರಲ್ಲಿರುವದು. ಇದನ್ನು ಓದಿದಾಗ ಕೂದಲನ್ನು ಹೊದ್ದು ಕಲ್ಯಾಣದ ಬಾಗಿಲಿಗೆ ಬಂದ ಆ ಹೆಣ್ಣುಮಗಳು ನನ್ನ ಕಣ್ಣಿಗೆ ಕಟ್ಟಿದಳು.

ಆದರೆ ಕಾಯಿದೆಯು ಓಣಿಯೊಳಗೆ ಬರಲು ಬಹಳ ಹೊತ್ತು ಹಿಡಿಯುವದು. ನಮ್ಮ ಸೀಮೆಯಿಂದ ತಲೆ ಕೆಟ್ಟಿತೆಂಬ ಹೆಂಗಸರನ್ನು ಆಸ್ಪತ್ರೆಗೆ ಒಯ್ಯುವ ಮುಂಚೆ ಮಠಕ್ಕೋ ದರ್ಗಾಕ್ಕೋ ಒಯ್ಯುವ ರೂಢಿಯುಂಟು. ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತನ ಸನ್ನಿಧಿಯು ಇದಕ್ಕಾಗಿ ದೂರದೂರದ ವರೆಗೆ ಹೆಸರಾದದ್ದು. ಆರತಿಯ ಗಂಟೆಯು ಬಾರಿಸತೊಡಗಿದೊಡನೆ ಅಲ್ಲಿ ಸೇರಿದ ಪೀಡಿತರು ಕೂದಲು ಬಿಚ್ಚಿ ತೂಗಾಡುವರು, ಕಂಬವನ್ನು ಹತ್ತುವರು, ಕಿರಿಚುವರು. ಅದನ್ನು ಮೂಢನಂಬಿಕೆಯೆಂದು ನಕ್ಕು ಮುಂದೆ ಹೋಗುವದು ಸುಲಭ. ಒಂದು ಗಳಿಗೆ ನಿಂತು ಕಿವಿಗೊಟ್ಟರೆ ಬೇರೊಂದು ಕೇಳಿಸುವದು. ಮನೆಯಲ್ಲಿ ತಲೆಯೆತ್ತಿ ನೋಡದ ಸೊಸೆಯು ಅಲ್ಲಿ ಗಂಡನನ್ನು ಹೆಸರು ಹಿಡಿದು ಬೈಯುವಳು. ಕೈ ಮಾಡಿದವರನ್ನೂ ಅನ್ನ ಕಡಿಮೆ ಹಾಕಿದವರನ್ನೂ ಸಾವಿರ ಜನರ ಮುಂದೆ ಕೂಗಿ ಹೇಳುವಳು. ಯಾರೂ ಆಕೆಯನ್ನು ತಡೆಯುವದಿಲ್ಲ. ಅತ್ತೆಯೂ ಕೈಮುಗಿದು ನಿಂತು ಕೇಳುವಳು. ಯಾಕಂದರೆ ಮಾತಾಡುತ್ತಿರುವವಳು ಸೊಸೆಯಲ್ಲ, ಆಕೆಯ ಮೈಯೊಳಗಿನ ಗಾಳಿ. ಗಾಳಿಗೆ “ನೀನು ಯಾರು, ಎಲ್ಲಿಯದು, ಏನು ಬೇಕು” ಎಂದು ಕೇಳುವರು. ಅದು ಕೇಳಿದ್ದನ್ನು ಕೊಡುವೆವೆಂದು ಒಪ್ಪುವರು. ಆರತಿಯು ಮುಗಿಯುವದು. ಗಾಳಿಯು ಇಳಿದ ಹೆಣ್ಣುಮಗಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮನೆಯವರ ಹಿಂದೆ ಬಸ್ಸಿನ ಕಡೆಗೆ ನಡೆಯುವಳು. ಈಗ ಆಕೆಗೆ ಬುದ್ಧಿ ಸರಿಯಾಗಿದೆ. ಈಗ ಯಾರೂ ಆಕೆಯನ್ನು ಏನೂ ಕೇಳುವದಿಲ್ಲ.